ಕಾಲವಶದಿಂ: ಒಂದು ಉದ್ದದ ಕಾದಂಬರಿ, ಒಂದಕ್ಕೊಂದು ಕೂಡದ ಅಭಿಪ್ರಾಯಗಳು

ಕಕ್ಕಡದ (ನಮ್ಮ ಕೊಡಗಿನ ಆಷಾಢದ ತಿಂಗಳು) ಮಳೆ ಹಿಡಿದರೆ ಮಡಿಕೇರಿಯಲ್ಲಿ ಓದುವುದು ಬಿಟ್ಟು ಬೇರೆ ಕೆಲಸ ಕಡಿಮೆ. ಕರೆಂಟು ಹೋದರೆ ಅದೂ ಇಲ್ಲ. ನಮ್ಮ ಏಳು ಜನರ ಓದುಕೂಟ ಈ ಸಲದ ಮಳೆಗಾಲಕ್ಕೆ ಆರಿಸಿಕೊಂಡದ್ದು ಡಯಾನಾ ಗ್ಯಾಬಲ್ಡನ್ ಬರೆದ ‘ಔಟ್‌ಲ್ಯಾಂಡರ್’. 1991ರ ಕಾದಂಬರಿ, ಸಣ್ಣಕ್ಷರದ ಪೇಪರ್‌ಬ್ಯಾಕ್‌ನಲ್ಲಿ 850 ಪುಟದ ಹತ್ತಿರ. ಏಳು ಜನ ಓದಿ ಏಳು ಥರ ಜಗಳ ಆಡಿದೆವು. ನಮ್ಮಲ್ಲಿ ಮೂವರಿಗೆ ಎಂ.ಎ.ಯ ವಿಮರ್ಶೆ ಪತ್ರಿಕೆಯಲ್ಲಿ ‘ಓದುಗ ಮತ್ತು ಪಠ್ಯ’ ಎಂಬ ಭಾಗ ಇರುವುದರಿಂದ, ಜಗಳವನ್ನು ಹಾಳು ಮಾಡುವುದು ಬೇಡ ಎಂದು ಟಿಪ್ಪಣಿ ಮಾಡಿಟ್ಟೆ. ಓದದವರು ಕಥೆ ಬಯಲಾಗುತ್ತದೆ ಎಂದು ಹೆದರುವುದಾದರೆ ಇಲ್ಲಿಗೇ ನಿಲ್ಲಿಸಿ.

ಕಥೆ ಇಷ್ಟು. ಎರಡನೇ ಮಹಾಯುದ್ಧದಲ್ಲಿ ಸೇನೆಯ ನರ್ಸ್ ಆಗಿದ್ದ ಕ್ಲೇರ್, ಯುದ್ಧ ಮುಗಿದ ಮೇಲೆ ಇತಿಹಾಸದ ಅಧ್ಯಾಪಕನಾದ ಗಂಡ ಫ್ರಾಂಕ್ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರುತ್ತಾಳೆ. ಅಲ್ಲಿ ಗುಡ್ಡದ ಮೇಲೆ ವೃತ್ತಾಕಾರವಾಗಿ ನಿಲ್ಲಿಸಿದ ಕಲ್ಲುಗಳು. ಒಂದು ಕಲ್ಲನ್ನು ಮುಟ್ಟುತ್ತಾಳೆ, 1743ಕ್ಕೆ ಬೀಳುತ್ತಾಳೆ. ಎದುರಾಗುವ ಮೊದಲ ಮನುಷ್ಯ ಗಂಡನ ಪೂರ್ವಜ, ಗಂಡನದೇ ಮುಖ, ಆದರೆ ಕ್ರೂರಿಯಾದ ಇಂಗ್ಲಿಷ್ ಸೇನಾಧಿಕಾರಿ. ಅವನಿಂದ ತಪ್ಪಿಸಿದವರು ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಮಲೆಸೀಮೆಯ, ಒಂದು ಕುಲದವರು. ಇಂಗ್ಲಿಷ್ ಸೇನೆಯ ಕೈಗೆ ಸಿಗದಂತೆ ಅವಳನ್ನು ಕಾನೂನಿನ ಪ್ರಕಾರ ಸ್ಕಾಟ್ ಮಾಡಲು ಜೇಮಿ ಫ್ರೇಸರ್ ಎಂಬ ಹುಡುಗನಿಗೆ ಕಟ್ಟುತ್ತಾರೆ. ಒತ್ತಾಯದ ಮದುವೆ ಪ್ರೀತಿಯಾಗುತ್ತದೆ. ಮುಂದಿನ ಭಾಗಗಳು 2021ರವರೆಗೂ ಬಂದಿವೆ. ನಾವು ಮೊದಲನೆಯದಕ್ಕೇ ಸುಸ್ತು.

ಅಭಿಪ್ರಾಯ ಓದುವಾಗ ನಾನು ಮಾಡಿದ ಒಂದು ಸಣ್ಣ ಕೆಲಸ ನಿಮಗೂ ಉಪಯೋಗ ಆಗಬಹುದು. ಯಾರಾದರೂ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದರೆ ಅದನ್ನು ಬರೆದುಕೊಳ್ಳಲಿಲ್ಲ. ‘ನಾನು ಹೀಗೆ ಅಂದುಕೊಂಡಿದ್ದೆ’ ಎಂದದ್ದನ್ನು ಮಾತ್ರ ಬರೆದುಕೊಂಡೆ. ವಿರಾಜಪೇಟೆಯಿಂದ ಬರುವ ನಿವೃತ್ತ ಮೇಷ್ಟ್ರು ಐತಿಹಾಸಿಕ ಕಾದಂಬರಿ ಅಂದುಕೊಂಡಿದ್ದರು. ಅವರಿಗೆ ಹಾಸಿಗೆಯ ಪ್ರಸಂಗಗಳು ಹೆಚ್ಚಾದವು. ಪದವಿ ಓದುವ ಹುಡುಗಿ ಪ್ರೇಮಕಥೆ ಅಂದುಕೊಂಡಿದ್ದಳು. ಅವಳಿಗೆ ಕೋಟೆಯ ಒಳಗಿನ ರಾಜಕೀಯ, ಗೇಣಿ ವಸೂಲಿಯ ಪ್ರಯಾಣ ಬೇಸರ. ಸೋಮವಾರಪೇಟೆಯ ಒಬ್ಬರು ಕಾಲಯಾನದ ಕಥೆ ಎಂದು ನಂಬಿ ಬಂದು, ಕಲ್ಲು ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆಗಾಗಿ ಕೊನೆಯ ಪುಟದವರೆಗೂ ಕಾದರು. ಸಿಗಲಿಲ್ಲ. ಪುಸ್ತಕ ಒಂದೇ, ಬಾಗಿಲು ಬೇರೆ ಬೇರೆ. ಜರ್ಮನಿಯ ವಿಮರ್ಶಕ ಹಾನ್ಸ್ ರಾಬರ್ಟ್ ಯಾಸ್ 1967ರಲ್ಲಿ ಇದಕ್ಕೆ ‘ನಿರೀಕ್ಷೆಯ ದಿಗಂತ’ ಎಂದು ಹೆಸರಿಟ್ಟ. ಕೃತಿಯ ಬೆಲೆ ಕೃತಿಯಲ್ಲಷ್ಟೇ ಇಲ್ಲ, ಓದುಗ ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದರಲ್ಲೂ ಇದೆ ಎಂಬುದು ಅವನ ವಾದ. ಪರೀಕ್ಷೆಗೆ ಅಷ್ಟು ಸಾಕು.

ಆದರೆ ದಿಗಂತ ಎಂದರೆ ಏನೆಂದು ನನಗೆ ಅರ್ಥವಾದದ್ದು ಯಾಸ್‌ನಿಂದ ಅಲ್ಲ, ನಾಯಕನ ಹೆಸರಿನಿಂದ. ಜೇಮಿ ಎಂದರೆ ಜೇಮ್ಸ್. ಜೇಮ್ಸ್ ಫ್ರೇಸರ್! ಕೊಡಗಿನಲ್ಲಿ ಶಾಲೆಗೆ ಹೋದವರಿಗೆ ಫ್ರೇಸರ್ ಎಂದರೆ 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ, ಕೊಡಗನ್ನು ಕಂಪನಿ ಸರ್ಕಾರಕ್ಕೆ ಸೇರಿಸಿದ್ದೇವೆ ಎಂದು ಘೋಷಣೆ ಹೊರಡಿಸಿದ ಕರ್ನಲ್. ಅವನ ಪೂರ್ತಿ ಹೆಸರು ಜೇಮ್ಸ್ ಸ್ಟುವರ್ಟ್ ಫ್ರೇಸರ್. ‘ಸ್ಟುವರ್ಟ್’ ಅಂತೂ 1745ರಲ್ಲಿ ಹೈಲ್ಯಾಂಡಿನವರು ಯಾರ ಪರ ದಂಗೆ ಎದ್ದರೋ ಆ ರಾಜಮನೆತನದ ಹೆಸರೇ. ಅಮೆರಿಕದ ಓದುಗಿಗೆ ಆ ಹೆಸರು ಕೇಳಿದ ಕೂಡಲೇ ಕೆಂಚು ಕೂದಲಿನ ಚೆಲುವ ಕಣ್ಣಮುಂದೆ ಬರುತ್ತಾನೆ. ನಮ್ಮ ಮೇಷ್ಟ್ರಿಗೆ ಮಡಿಕೇರಿ ಕೋಟೆ ಬರುತ್ತದೆ. ‘ಇವನನ್ನು ನಂಬೋಕೇ ನನಗೆ ಇನ್ನೂರು ಪುಟ ಹಿಡೀತು’ ಎಂದರು ಅವರು. ಇದು ಕಾದಂಬರಿಯ ತಪ್ಪೂ ಅಲ್ಲ, ಮೇಷ್ಟ್ರ ತಪ್ಪೂ ಅಲ್ಲ.

ಕುಲದ ವಿಷಯದಲ್ಲೂ ಹೀಗೇ ಆಯಿತು. ಕುಲದ ಯಜಮಾನ ಕೊಲಮ್‌ನನ್ನು ನೋಡಿ ‘ಇವನು ನಮ್ಮ ಒಕ್ಕದ ಪಟ್ಟೆದಾರನೇ’ ಎಂದು ಒಬ್ಬರು ಖುಷಿಪಟ್ಟರು. ಹೋಲಿಕೆ ಚಂದ, ಪೂರ್ತಿ ಒಪ್ಪುವಂಥದ್ದಲ್ಲ. ಒಕ್ಕ ಎಂದರೆ ಕೊಡವರ ಕೂಡುಕುಟುಂಬ, ಪಟ್ಟೆದಾರ ಅದರ ಹಿರಿಯ; ವಂಶಪಾರಂಪರ್ಯದ ಜಮ್ಮಾ ಜಮೀನು ಇಡೀ ಒಕ್ಕದ್ದು. ಕೊಲಮ್ ಗೇಣಿ ವಸೂಲು ಮಾಡುವ ಒಡೆಯ. ಉತ್ತರ ಬರೆಯುವಾಗ ‘ನಮ್ಮ ಹಾಗೆಯೇ’ ಎಂಬ ಮಾತು ಬಂದ ಕಡೆಯೆಲ್ಲ ಒಂದು ಕ್ಷಣ ನಿಲ್ಲಿ. ಬದಲಿಗೆ ಬಂದೂಕಿನ ಮಾತು ಕೂಟದಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸಿತು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ದಂಗೆ ಎದ್ದ ಹೈಲ್ಯಾಂಡಿನವರು ಬ್ರಿಟಿಷ್ ಸೇನೆಗೆ ಸೋತರು. ಕಾಳಗ ಒಂದು ಗಂಟೆಯೂ ನಡೆಯಲಿಲ್ಲ. ಆಮೇಲೆ ಅವರ ಆಯುಧ ಕಿತ್ತುಕೊಂಡರು, ಚೌಕಳಿ ಉಡುಪನ್ನೂ ನಿಷೇಧಿಸಿದರು. ಉಡುಪಿನ ನಿಷೇಧ ತೆಗೆದದ್ದು 1782ರಲ್ಲಿ. ಇಲ್ಲಿ ಅದೇ ಬ್ರಿಟಿಷರು ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟರು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಬಂದೂಕು ತೊಳೆದು ಹೂ ಇಡುವ ಮನೆಯಲ್ಲಿ ಕೂತು ಕಲೋಡನ್ ಬಗ್ಗೆ ಓದುವುದು ಬೇರೆಯೇ ಅನುಭವ.

ಬೆಲ್ಟಿನ ಏಟು

ಈಗ ಎಲ್ಲಕ್ಕಿಂತ ದೊಡ್ಡ ಜಗಳಕ್ಕೆ ಬರುತ್ತೇನೆ. ಎಲ್ಲ ಕಡೆಯ ಓದುಗರೂ ಮುಖ್ಯವಾಗಿ ಒಡೆಯುವುದು ಇಲ್ಲಿಯೇ. ಕ್ಲೇರ್ ಕಲ್ಲಿನ ಕಡೆ ತಪ್ಪಿಸಿಕೊಂಡು ಹೋಗಲು ನೋಡಿ ಸೈನಿಕರ ಕೈಗೆ ಸಿಕ್ಕುತ್ತಾಳೆ, ಜೇಮಿ ಮತ್ತು ಅವನ ಕಡೆಯವರು ಜೀವದ ಹಂಗು ತೊರೆದು ಬಿಡಿಸುತ್ತಾರೆ. ಆ ರಾತ್ರಿ ಜೇಮಿ ಅವಳಿಗೆ ಬೆಲ್ಟಿನಿಂದ ಹೊಡೆಯುತ್ತಾನೆ. ಎಲ್ಲರ ಪ್ರಾಣಕ್ಕೂ ಸಂಚಕಾರ ತಂದವರಿಗೆ ಶಿಕ್ಷೆ ಆಗಲೇಬೇಕು ಎಂಬುದು ಅವನ ಲೆಕ್ಕ.

ಒಂದು ಗುಂಪು ಪುಸ್ತಕವನ್ನು ಅಲ್ಲಿಗೇ ಮುಚ್ಚುತ್ತದೆ. ಇನ್ನೊಂದು ಗುಂಪು ‘ಅವನು ಆ ಕಾಲದ ಮನುಷ್ಯ’ ಎನ್ನುತ್ತದೆ. ಈ ಎರಡನೇ ವಾದ ನಮಗೆ ಹೊಸದಲ್ಲ. ಹಳಗನ್ನಡದ ಕವಿ ನಾಗಚಂದ್ರ ತನ್ನ ರಾಮಾಯಣದಲ್ಲಿ ಸೀತೆಗೆ ಮರುಳಾದ ರಾವಣನ ಬಗ್ಗೆ ಬರೆದದ್ದು ನೆನಪಿಸಿಕೊಳ್ಳಿ: ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’. ಕಡಲೂ ಒಮ್ಮೊಮ್ಮೆ ಕಾಲಕ್ಕೆ ಸಿಕ್ಕಿ ಎಲ್ಲೆ ಮೀರುವುದಿಲ್ಲವೇ! ಸಂಸ್ಕೃತದ ಕಾವ್ಯಮೀಮಾಂಸಕರಾದ ಆಲಂಕಾರಿಕರು ರಸಾಭಾಸಕ್ಕೆ, ಅಂದರೆ ಸಲ್ಲದ ಕಡೆ ಹುಟ್ಟಿ ರಸದಂತೆ ತೋರುವುದಕ್ಕೆ, ಉದಾಹರಣೆ ಕೊಡುವಾಗ ಎತ್ತಿಕೊಳ್ಳುವುದೂ ರಾವಣನ ಅದೇ ಮೋಹವನ್ನು. ಒಬ್ಬರಿಗೆ ಆಭಾಸವಾದದ್ದು ಇನ್ನೊಬ್ಬ ಕವಿಯ ಕೈಯಲ್ಲಿ ಕರುಣೆ ಹುಟ್ಟಿಸುತ್ತದೆ. ಹಾಗಾಗಿ ‘ಕೆಟ್ಟದ್ದು ಮಾಡಿದ, ಆದ್ದರಿಂದ ಕೃತಿ ಕೆಟ್ಟದ್ದು’ ಎಂಬ ಉತ್ತರಕ್ಕೆ ಅಂಕ ಬರುವುದಿಲ್ಲ, ಬರಲೂಬಾರದು.

ಆದರೆ ಎರಡಕ್ಕೂ ಒಂದು ವ್ಯತ್ಯಾಸ ಇದೆ. ನಾನು ಇಡೀ ಟಿಪ್ಪಣಿ ಬರೆದದ್ದೇ ಇದಕ್ಕಾಗಿ. ನಾಗಚಂದ್ರನಲ್ಲಿ ಕಥೆ ಹೇಳುವವನೂ ಹಿಂದಿನವನು, ರಾವಣನೂ ಹಿಂದಿನವನು. ಇಲ್ಲಿ ಕಥೆ ಹೇಳುವವಳು ಕ್ಲೇರ್, ‘ನಾನು’ ಎಂದು ಹೇಳುತ್ತಾಳೆ, ಅವಳು ಇಪ್ಪತ್ತನೇ ಶತಮಾನದವಳು. ಸಾಮಾನ್ಯ ಐತಿಹಾಸಿಕ ಕಾದಂಬರಿಯಲ್ಲಿ ಮುಂದೇನಾಗುತ್ತದೆ ಎಂದು ಓದುಗನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದುವಾಗ ನಮಗೆ 1834 ಗೊತ್ತು, ಅರಸನಿಗೆ ಗೊತ್ತಿಲ್ಲ. ಓದುವ ಸಂಕಟವೆಲ್ಲ ಆ ನಡುವಿನ ಜಾಗದಲ್ಲಿದೆ. ಕಾಲಯಾನದ ಕಾದಂಬರಿ ಆ ಜಾಗವನ್ನೇ ಅಳಿಸಿ, ಓದುಗನನ್ನು ಕೈಹಿಡಿದು ಕಥೆಯೊಳಗೆ ಇಳಿಸುತ್ತದೆ. ಕಲೋಡನ್ ಬರುತ್ತದೆ ಎಂದು ಕ್ಲೇರ್‌ಗೆ ಗೊತ್ತು, ನಮಗೂ ಗೊತ್ತು. ಅವಳೇ ನಾವು. ಆದ್ದರಿಂದ ಏಟು ಬಿದ್ದದ್ದು ಅವಳೊಬ್ಬಳಿಗೇ ಅಲ್ಲ.

ಜೇಮಿಗೆ ‘ಕಾಲವಶ’ ಸಲ್ಲುತ್ತದೆ, ನಾನು ಒಪ್ಪುತ್ತೇನೆ. ನಿರೂಪಣೆಗೆ ಸಲ್ಲುವುದಿಲ್ಲ. ಏಟಾದ ಮೇಲೆ ದಾರಿಯಲ್ಲಿ ಜೇಮಿ ತಾನು ಚಿಕ್ಕಂದಿನಲ್ಲಿ ತಿಂದ ಏಟುಗಳ ಕಥೆ ಹೇಳುತ್ತಾನೆ, ಅವಳಿಗೆ ನಗು ಬರುತ್ತದೆ, ಪ್ರಸಂಗ ತಿಳಿಹಾಸ್ಯಕ್ಕೆ ಹೊರಳುತ್ತದೆ. ಇನ್ನೆಂದೂ ಕೈ ಎತ್ತುವುದಿಲ್ಲ ಎಂದು ಅವನು ಕಠಾರಿಯ ಮೇಲೆ ಆಣೆ ಮಾಡುತ್ತಾನೆ, ಅದು ನಿಜ. ಆದರೂ ಕ್ಲೇರ್‌ನ ಸಿಟ್ಟು ಇಷ್ಟು ಬೇಗ ಇಳಿದದ್ದು ಅವಳ ಕಾಲಕ್ಕೆ ಒಪ್ಪುವುದಿಲ್ಲ. ಅನೌಚಿತ್ಯ ಬಿಟ್ಟು ರಸಭಂಗಕ್ಕೆ ಬೇರೆ ಕಾರಣವೇ ಇಲ್ಲ ಎಂದ ‘ಧ್ವನ್ಯಾಲೋಕ’ ಬರೆದ ಆನಂದವರ್ಧನ. ಇಲ್ಲಿ ಅನೌಚಿತ್ಯ ಇರುವುದು ಏಟಿನಲ್ಲಿ ಅಲ್ಲ, ನಗುವಿನಲ್ಲಿ. ನಮ್ಮ ಕೂಟದಲ್ಲಿ ಇಬ್ಬರು ಇದನ್ನು ಒಪ್ಪಲಿಲ್ಲ. ‘ಹೊಡೆಸಿಕೊಂಡು ನಗೋ ಹೆಂಗಸರನ್ನ ನೀನು ನೋಡಿಲ್ಲ ಅಷ್ಟೇ’ ಎಂದರು ಒಬ್ಬ ಅಕ್ಕ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಉಳಿದ ತಕರಾರುಗಳು

ಕೊನೆಯ ಭಾಗದಲ್ಲಿ ಜೇಮಿ ಸೆರೆಮನೆಯಲ್ಲಿ ಆ ಕ್ರೂರಿ ಅಧಿಕಾರಿಯ ಕೈಗೆ ಸಿಕ್ಕಿ ಅತ್ಯಾಚಾರಕ್ಕೆ ಒಳಗಾಗುತ್ತಾನೆ. ಇಷ್ಟು ವಿವರ ಬೇಕಿತ್ತೇ ಎಂಬುದು ಒಂದು ಪ್ರಶ್ನೆ. ಗಂಡಸಿನ ಮೇಲೆ ಗಂಡಸಿಗಿರುವ ಆಸೆಯನ್ನು ಖಳನ ಕ್ರೌರ್ಯಕ್ಕೇ ಕಟ್ಟಿಹಾಕಿದ್ದು ಸರಿಯೇ ಎಂಬುದು ಇನ್ನೊಂದು, ಅದು ಹೆಚ್ಚು ಗಟ್ಟಿಯಾದದ್ದು. ಕೂಟದಲ್ಲಿ ಒಬ್ಬರು ನರ್ಸ್ ಇದ್ದಾರೆ. ಆ ಅಧ್ಯಾಯಗಳನ್ನು ಬಲವಾಗಿ ಹಿಡಿದುಕೊಂಡವರು ಅವರೊಬ್ಬರೇ: ‘ಗಂಡಸರು ಇಂಥದ್ದನ್ನ ಬಾಯಿ ಬಿಡೋದಿಲ್ಲ. ಇದರಲ್ಲಿ ಬಿಟ್ಟಿದ್ದಾನೆ.’ ಕ್ಲೇರ್ ಹಿಂದಿನ ಕಾಲಕ್ಕೆ ಬಿದ್ದ ದಿನದ ರಾತ್ರಿಯೇ ಜೇಮಿಯ ಜಾರಿದ ಭುಜದ ಕೀಲನ್ನು ಕೂರಿಸುವ ಪುಟಗಳನ್ನಂತೂ ಅವರು ಎರಡು ಸಲ ಓದಿದರಂತೆ. ಮದ್ದಿನ ಗಿಡಗಳ ಭಾಗ ಉದ್ದವಾಯಿತು ಎಂದು ಹೊರಗಿನವರು ದೂರುವುದು ಕೇಳಿದ್ದೇನೆ. ಕಕ್ಕಡ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುವ ಮನೆಗಳಲ್ಲಿ ಆ ದೂರು ಬರಲಿಲ್ಲ.

ಇತಿಹಾಸದ ತಪ್ಪು ಹುಡುಕುವವರಿಗೂ ಕೆಲಸ ಇದೆ. ಕ್ಲೇರ್ ಮತ್ತು ಗೈಲಿಸ್ ಎಂಬ ಗೆಳತಿಯನ್ನು ಮಾಟಗಾತಿಯರೆಂದು ವಿಚಾರಣೆಗೆ ಎಳೆಯುವುದು 1743ರಲ್ಲಿ. ಆದರೆ ಮಾಟವನ್ನು ಅಪರಾಧವಾಗಿ ನೋಡುವ ಕಾನೂನನ್ನು ಬ್ರಿಟನ್ನಿನ ಸಂಸತ್ತು 1735ರ ಕಾಯ್ದೆಯಲ್ಲೇ ತೆಗೆದಿತ್ತು. ಲೇಖಕಿ ಸ್ಕಾಟ್ಲೆಂಡ್ ನೋಡದೆಯೇ, ಗ್ರಂಥಾಲಯದ ಪುಸ್ತಕ ಇಟ್ಟುಕೊಂಡು, ಬರೆಯುವುದನ್ನು ಕಲಿಯಲೆಂದು ಶುರುಮಾಡಿದ ಕಾದಂಬರಿ ಇದು ಎಂಬುದನ್ನು ಇದರ ಜೊತೆಗಿಟ್ಟು ನೋಡಬಹುದು. ಅವರು ಮೂಲತಃ ವಿಜ್ಞಾನಿ, ಪರಿಸರ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವರು. ಕಥೆ ಶುರುವಾಗುವ ವರ್ಷ ಅಮೆರಿಕದ ಮುದ್ರಣದಲ್ಲಿ 1945, ಬ್ರಿಟನ್ನಿನದರಲ್ಲಿ 1946. ಯುದ್ಧ ಮುಗಿದ ವರ್ಷವೇ ಅಲ್ಲಿನವರು ವಿಹಾರಕ್ಕೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ ಎಂದು ಬದಲಿಸಿದ್ದು. ಪುಸ್ತಕದ ಹೆಸರೂ ಅಲ್ಲಿ ಬೇರೆ, ‘ಕ್ರಾಸ್ ಸ್ಟಿಚ್’. ಅಂದರೆ ಪ್ರಕಾಶಕರಿಗೂ ದಿಗಂತದ ವಿಷಯ ಗೊತ್ತಿತ್ತು.

ಉದ್ದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುವೆ ನೂರು ಪುಟ ಕಡಿಮೆ ಮಾಡಬಹುದಿತ್ತು.

ಒಂದು ಕಡೆ ಮಾತ್ರ ಏಳೂ ಜನ ಒಂದಾದೆವು. ಅದೇ ವಿಚಾರಣೆಯಲ್ಲಿ ಗೈಲಿಸ್‌ಳ ತೋಳು ಬಯಲಾಗುತ್ತದೆ, ಕ್ಲೇರ್‌ಗೆ ಅಲ್ಲೊಂದು ಗುಂಡನೆಯ ಕಲೆ ಕಾಣುತ್ತದೆ: ಸಿಡುಬಿನ ಲಸಿಕೆಯ ಗುರುತು. ಜೆನ್ನರ್ ಲಸಿಕೆ ಹಾಕಿ ನೋಡಿದ್ದೇ 1796ರಲ್ಲಿ. ಹಾಗಾದರೆ ಇವಳೂ ಮುಂದಿನ ಕಾಲದಿಂದ ಬಂದವಳು! ಒಂದು ಮಾತಿನ ವಿವರಣೆಯೂ ಇಲ್ಲದೆ ಇಷ್ಟನ್ನು ಹೇಳಿದ್ದು ಎಲ್ಲರಿಗೂ ಹಿಡಿಸಿತು. ಪದವಿ ಹುಡುಗಿ ತನ್ನ ತೋಳಿನ ಕಲೆ ತೋರಿಸಿ, ‘ಇದೇ ಅಲ್ವಾ ಮೇಷ್ಟ್ರೇ?’ ಎಂದಳು.

‘ಅದು ಬಿಸಿಜಿ ಮಗಳೇ, ಕ್ಷಯಕ್ಕೆ ಹಾಕೋದು’ ಎಂದು ಮೇಷ್ಟ್ರು ಸ್ವೆಟರಿನ ತೋಳು ಮೇಲಕ್ಕೆಳೆದರು. ಮುಂಗೈಯಿಂದ ಸ್ವಲ್ಪ ಮೇಲೆ ಎಂಟಾಣೆ ಅಗಲದ ಕಲೆ. ‘ದೇವಿ ಹಾಕಿಸಿದ್ದು ಇದು. ನಿಮ್ಮ ಕಾಲದಲ್ಲಿ ಯಾರಿಗೂ ಇಲ್ಲ.’ ಹುಡುಗಿ ಬೆರಳಿಟ್ಟು ಮುಟ್ಟಿ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು.