ಕಣದಂಗ: ಜೀವಕೋಶದೊಳಗೆ ಇಷ್ಟೊಂದು ಪೊರೆಗಳು ಯಾಕೆ?

ಜೀವಕೋಶದ ಒಳಗೆ ಒಂದು ನಿರ್ದಿಷ್ಟ ಕೆಲಸಕ್ಕೆಂದು ಬೇರ್ಪಟ್ಟಿರುವ, ತನ್ನದೇ ರಚನೆಯುಳ್ಳ ಭಾಗವನ್ನು ಕಣದಂಗ ಎನ್ನುತ್ತೇವೆ. ಕೋಶಕೇಂದ್ರ, ಮೈಟೋಕಾಂಡ್ರಿಯ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಗಾಲ್ಗಿ ಸಂಕೀರ್ಣ, ಲೈಸೋಸೋಮ್, ಸಸ್ಯಗಳಲ್ಲಾದರೆ ಕ್ಲೋರೋಪ್ಲಾಸ್ಟ್ ಮತ್ತು ದೊಡ್ಡ ರಸದಾನಿ: ಹೈಸ್ಕೂಲು ದಾಟಿದವರಿಗೆಲ್ಲ ಇವು ಕೇಳಿದ ಹೆಸರುಗಳೇ. ಒಂದೊಂದರ ಮುಂದೆ ಒಂದು ಸಾಲಿನ ಕೆಲಸ ಬರೆದುಕೊಂಡು ಬಾಯಿಪಾಠ ಮಾಡಿದ್ದೂ ನೆನಪಿರುತ್ತದೆ. ಆ ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದು ಅಲ್ಲಿ ಉಳಿದುಹೋಗುತ್ತದೆ. ಈ ಕೆಲಸಗಳೆಲ್ಲ ಒಂದೇ ದ್ರವದಲ್ಲಿ, ಯಾವ ಗೋಡೆಯೂ ಇಲ್ಲದೆ ನಡೆದಿದ್ದರೆ ಏನಾಗುತ್ತಿತ್ತು? ಕಣದಂಗ ಅಂದರೇನು ಎಂಬುದಕ್ಕೆ ಉತ್ತರ ಇರುವುದೇ ಈ ಪ್ರಶ್ನೆಯಲ್ಲಿ. ಅದನ್ನು ಮನದಟ್ಟು ಮಾಡಿಕೊಳ್ಳಲು ಲೈಸೋಸೋಮ್ ಪತ್ತೆಯಾದ ಬಗೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

1949ರಲ್ಲಿ ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡ್ಯೂವ್ ಇಲಿಯ ಪಿತ್ತಜನಕಾಂಗದ ಕಿಣ್ವಗಳನ್ನು ಅಳೆಯುತ್ತಿದ್ದರು. ಆಮ್ಲೀಯ ಫಾಸ್ಫಟೇಸ್ ಎಂಬ ಕಿಣ್ವ ಅವರ ಮುಖ್ಯ ಆಸಕ್ತಿಯೇನೂ ಆಗಿರಲಿಲ್ಲ. ಹೋಲಿಕೆಗೆಂದು ಅದನ್ನೂ ಅಳೆದಿದ್ದರು. ಅಂಗಾಂಶವನ್ನು ಹಗುರವಾಗಿ ಅರೆದು ನೋಡಿದಾಗ ಆ ಕಿಣ್ವದ ಚಟುವಟಿಕೆ ನಿರೀಕ್ಷೆಯ ಹತ್ತನೇ ಒಂದು ಪಾಲಷ್ಟೇ ಇತ್ತು. ಅದೇ ಮಾದರಿಯನ್ನು ಕೆಲವು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಚಟುವಟಿಕೆ ಹಲವು ಪಟ್ಟು ಏರಿತ್ತು. ತಣ್ಣಗಿನ ಬಾಟಲಿಯಲ್ಲಿ ಹೊಸ ಕಿಣ್ವ ಹುಟ್ಟುವುದಿಲ್ಲ. ಹಾಗಾದರೆ ಕಿಣ್ವ ಮೊದಲೇ ಇತ್ತು, ಆದರೆ ಯಾವುದೋ ಚೀಲದೊಳಗೆ ಇತ್ತು. ಪರೀಕ್ಷೆಗೆ ಹಾಕಿದ ರಾಸಾಯನಿಕ ಅದರ ಬಳಿಗೆ ತಲುಪುತ್ತಿರಲಿಲ್ಲ. ದಿನ ಕಳೆದಂತೆ ಚೀಲ ಹರಿದು ಕಿಣ್ವ ಹೊರಬಂದಿತ್ತು. ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಮೊದಲೇ, ಬರೀ ಲೆಕ್ಕದ ಏರುಪೇರಿನಿಂದ ಒಂದು ಕಣದಂಗ ಸಿಕ್ಕಿಬಿಟ್ಟಿತ್ತು. 1955ರಲ್ಲಿ ಅದಕ್ಕೆ ಲೈಸೋಸೋಮ್ ಎಂದು ಹೆಸರಾಯಿತು.

ಲೈಸೋಸೋಮಿನಲ್ಲಿ ಪ್ರೋಟೀನು, ಕೊಬ್ಬು, ಸಕ್ಕರೆ, ಡಿಎನ್ಎ ಎಲ್ಲವನ್ನೂ ತುಂಡರಿಸಬಲ್ಲ ಸುಮಾರು 60 ಬಗೆಯ ಕಿಣ್ವಗಳಿವೆ. ಜೀವಕೋಶ ಕಟ್ಟಿರುವುದೂ ಇದೇ ವಸ್ತುಗಳಿಂದ. ಅಂದರೆ ತನ್ನನ್ನೇ ಅರಗಿಸಿ ಮುಗಿಸಬಲ್ಲ ಸರಕನ್ನು ಕೋಶ ತನ್ನ ಒಡಲಲ್ಲಿ ಇಟ್ಟುಕೊಂಡಿದೆ, ಅದೂ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯ ಹಿಂದೆ. ಪೊರೆಯ ಜೊತೆಗೆ ಇನ್ನೊಂದು ಕಾವಲೂ ಇದೆ. ಲೈಸೋಸೋಮಿನ ಒಳಗಿನ ಪಿಎಚ್ 5ರ ಆಸುಪಾಸು, ಹೊರಗಿನ ಕೋಶದ್ರವದ್ದು 7.2ರ ಹತ್ತಿರ. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ಒಳಗೂ ಹೊರಗೂ ಇರುವ ಅಂತರ ನೂರು ಪಟ್ಟಿಗೂ ಮಿಕ್ಕಿದ್ದು. ಈ ಕಿಣ್ವಗಳು ಚುರುಕಾಗುವುದು ಆಮ್ಲದಲ್ಲಿ ಮಾತ್ರ. ಒಂದಿಷ್ಟು ಸೋರಿದರೂ ಹೊರಗಿನ ತಟಸ್ಥ ದ್ರವದಲ್ಲಿ ಅವುಗಳ ಆಟ ನಡೆಯುವುದಿಲ್ಲ. ಈ ಆಮ್ಲೀಯತೆ ತಾನಾಗಿ ಉಳಿಯುವಂಥದ್ದೂ ಅಲ್ಲ; ಪೊರೆಯಲ್ಲಿ ಕೂತ ಪಂಪುಗಳು ಎಟಿಪಿಯನ್ನು, ಅಂದರೆ ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣುವನ್ನು, ವ್ಯಯಿಸಿ ಪ್ರೋಟಾನುಗಳನ್ನು ಎಡೆಬಿಡದೆ ಒಳಗೆ ತಳ್ಳುತ್ತಿರಬೇಕು.

ಗೋಡೆಯ ಒಳಗೊಂದು ರಸಾಯನಶಾಸ್ತ್ರ, ಹೊರಗೊಂದು ರಸಾಯನಶಾಸ್ತ್ರ. ಕಣದಂಗ ಎಂದರೆ ಇದು.

ಗೋಡೆಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಅದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳ ಎರಡು ಪದರ. ಅಣುಗಳ ನೀರೊಲ್ಲದ ಬಾಲಗಳು ಪದರಗಳ ನಡುವೆ ಅಡಗಿರುತ್ತವೆ, ನೀರೊಲಿಯುವ ತಲೆಗಳು ಎರಡೂ ಕಡೆ ನೀರಿಗೆ ಮುಖ ಮಾಡಿರುತ್ತವೆ. ಇಂಥ ಸುಮಾರು ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ತಲೆಗೂದಲಿನ ದಪ್ಪವಾದೀತು. ನಡುವಿನ ಕೊಬ್ಬಿನ ಪದರ ದಾಟಿ ಸೋಡಿಯಂ, ಪ್ರೋಟಾನಿನಂಥ ವಿದ್ಯುದಾವೇಶವುಳ್ಳ ಕಣಗಳು ಸುಮ್ಮನೆ ನುಗ್ಗಲಾರವು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳ ಮೂಲಕವೇ ಹೋಗಬೇಕು. ಆ ಪ್ರೋಟೀನುಗಳೂ ಕೊಬ್ಬಿನ ಅಣುಗಳೂ ಪೊರೆಯುದ್ದಕ್ಕೂ ಜಾರಾಡುತ್ತಿರುತ್ತವೆ ಎಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು. ಪೊರೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೋಶವನ್ನು ಹೊರಗಿನಿಂದ ಸುತ್ತಿರುವ ಕೋಶಪೊರೆ. ಆದರೆ ಪಿತ್ತಜನಕಾಂಗದ ಒಂದು ಕೋಶದ ಪೊರೆಗಳನ್ನೆಲ್ಲ ಲೆಕ್ಕ ಹಾಕಿದರೆ ಆ ಹೊರಪೊರೆಯ ಪಾಲು ಶೇ. 2ರಷ್ಟು ಮಾತ್ರ. ಉಳಿದದ್ದೆಲ್ಲ ಒಳಗಿನ ಗೋಡೆಗಳು, ಅದರಲ್ಲಿ ಅರ್ಧಕ್ಕರ್ಧ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ. ಕೋಶ ತನ್ನನ್ನು ಜಗತ್ತಿನಿಂದ ಬೇರೆ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಹೆಚ್ಚು ಪೊರೆಯನ್ನು ತನ್ನೊಳಗೇ ಪಾಲು ಮಾಡಿಕೊಳ್ಳಲು ಬಳಸುತ್ತದೆ.

ಹೀಗೆ ಎಲ್ಲೆಲ್ಲೂ ಗೋಡೆ ಎಬ್ಬಿಸಿದರೆ ಸಾಗಾಟದ ತೊಂದರೆ ಶುರುವಾಗುತ್ತದೆ. ಲೈಸೋಸೋಮಿಗೆ ಬೇಕಾದ ಕಿಣ್ವದ ವಿವರ ಇರುವುದು ಕೋಶಕೇಂದ್ರದ ಡಿಎನ್ಎಯಲ್ಲಿ. ಅದರ ಪ್ರತಿ ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದ ರಂಧ್ರಗಳ ಮೂಲಕ ಹೊರಬರುತ್ತದೆ, ರೈಬೋಸೋಮ್ ಅದನ್ನು ಓದಿ ಅಮೈನೋ ಆಮ್ಲಗಳನ್ನು ಪೋಣಿಸುತ್ತದೆ. ಆಮೇಲೆ? 1960ರ ದಶಕದಲ್ಲಿ ಜಾರ್ಜ್ ಪಲಾಡೆ ಮತ್ತು ಜೇಮ್ಸ್ ಜೇಮೀಸನ್ ಇದನ್ನು ಕಣ್ಣಾರೆ ನೋಡುವ ಉಪಾಯ ಮಾಡಿದರು. ಗಿನಿ ಪಿಗ್‌ನ ಮೇದೋಜೀರಕ ಗ್ರಂಥಿಯ ತೆಳು ಚೂರುಗಳಿಗೆ ಕೇವಲ 3 ನಿಮಿಷ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು, ಆಮೇಲೆ ಸಾಮಾನ್ಯ ಅಮೈನೋ ಆಮ್ಲಕ್ಕೆ ಬದಲಿಸಿದರು. ಆ 3 ನಿಮಿಷದಲ್ಲಿ ಹುಟ್ಟಿದ ಪ್ರೋಟೀನುಗಳಿಗೆ ಮಾತ್ರ ಗುರುತು ಬಿತ್ತು. ಬೇರೆ ಬೇರೆ ಹೊತ್ತಿಗೆ ಚೂರುಗಳನ್ನು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುರುತು ಮೊದಲು ರೈಬೋಸೋಮ್ ಅಂಟಿದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿತ್ತು, ಸುಮಾರು 20 ನಿಮಿಷದ ಹೊತ್ತಿಗೆ ಗಾಲ್ಗಿಯ ಬಳಿ ಬಂದಿತ್ತು, ಎರಡು ಗಂಟೆಯಾಗುವಷ್ಟರಲ್ಲಿ ಹೊರಬೀಳಲು ಕಾದಿರುವ ಕಣಿಕೆಗಳನ್ನು ಸೇರಿತ್ತು. ಅಲ್ಲಿಯವರೆಗೆ ಬಿಡಿ ಬಿಡಿ ಚಿತ್ರಗಳಾಗಿದ್ದ ಕಣದಂಗಗಳು ಅಂದು ಒಂದೇ ದಾರಿಯ ತಂಗುದಾಣಗಳಾದವು. 1974ರ ನೊಬೆಲ್ ಪ್ರಶಸ್ತಿಯನ್ನು ಪಲಾಡೆ, ಡಿ ಡ್ಯೂವ್ ಮತ್ತು ಆಲ್ಬರ್ಟ್ ಕ್ಲಾಡ್ ಹಂಚಿಕೊಂಡರು.

ಪ್ರೋಟೀನಿಗೆ ತಾನು ಎಲ್ಲಿಗೆ ಹೋಗಬೇಕೆಂದು ಗೊತ್ತಾಗುವುದು ಅದರ ಮೈಮೇಲಿನ ವಿಳಾಸದಿಂದ. ಸರಪಳಿಯ ಮೊದಲ ಕೆಲವು ಅಮೈನೋ ಆಮ್ಲಗಳೇ ವಿಳಾಸವಾಗಿ ಕೆಲಸ ಮಾಡುತ್ತವೆ ಎಂದು ತೋರಿಸಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಲೈಸೋಸೋಮಿನ ಕಿಣ್ವಗಳಿಗೆ ಗಾಲ್ಗಿಯಲ್ಲಿ ಎರಡನೆಯ ವಿಳಾಸವೂ ಅಂಟುತ್ತದೆ: ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆಯ ಗುರುತು. ಅದನ್ನು ಅಂಟಿಸುವ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಆ ಸ್ಥಿತಿಗೆ ಐ-ಸೆಲ್ ಕಾಯಿಲೆ ಎಂದು ಹೆಸರು. ಅವರ ಕೋಶಗಳು ಹತ್ತಾರು ಕಿಣ್ವಗಳನ್ನು ಒಂದಿನಿತೂ ಲೋಪವಿಲ್ಲದೆ ತಯಾರಿಸುತ್ತವೆ. ಆದರೆ ವಿಳಾಸವಿಲ್ಲದ ಕಿಣ್ವಗಳು ಲೈಸೋಸೋಮಿಗೆ ಹೋಗದೆ ಕೋಶದಿಂದ ಹೊರಗೆ, ರಕ್ತಕ್ಕೆ ಬಂದು ಬೀಳುತ್ತವೆ. ರಕ್ತ ಪರೀಕ್ಷೆಯಲ್ಲಿ ಕಿಣ್ವ ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಕೋಶದೊಳಗೆ ಅರಗದ ಕಸ ತುಂಬಿಕೊಳ್ಳುತ್ತಲೇ ಹೋಗುತ್ತದೆ. ಮೂಳೆ, ಹೃದಯ, ಬೆಳವಣಿಗೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಸರಿಯಾದ ಅಣು ಸರಿಯಲ್ಲದ ಜಾಗದಲ್ಲಿದ್ದರೆ ಅದು ಇಲ್ಲದಿದ್ದಂತೆಯೇ ಎಂಬುದಕ್ಕೆ ಇದಕ್ಕಿಂತ ಕಠೋರವಾದ ಪುರಾವೆ ಬೇಡ.

ಇದೇ ತಿಳಿವಳಿಕೆ ಚಿಕಿತ್ಸೆಗೂ ದಾರಿ ಮಾಡಿದೆ. ಪಾಂಪೆ ಕಾಯಿಲೆಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಒಡೆಯುವ ಒಂದೇ ಒಂದು ಲೈಸೋಸೋಮ್ ಕಿಣ್ವದ ಕೊರತೆಯಿಂದ ಸ್ನಾಯುಗಳು ಸೋಲುತ್ತವೆ. ಕೋಶಗಳ ಹೊರಮೈಯಲ್ಲೂ ಮ್ಯಾನೋಸ್-6-ಫಾಸ್ಫೇಟ್ ಗುರುತಿಸುವ ಗ್ರಾಹಕಗಳಿವೆ. ಹಾಗಾಗಿ ಆ ಗುರುತು ಹೊತ್ತ ಕಿಣ್ವವನ್ನು ರಕ್ತನಾಳಕ್ಕೆ ಕೊಟ್ಟರೆ ಕೋಶ ಅದನ್ನು ಒಳಗೆಳೆದುಕೊಂಡು ಲೈಸೋಸೋಮಿಗೇ ಮುಟ್ಟಿಸುತ್ತದೆ. ಈ ಔಷಧ 2006ರಿಂದ ಬಳಕೆಯಲ್ಲಿದೆ.

ಮೈಟೋಕಾಂಡ್ರಿಯವನ್ನು ‘ಕೋಶದ ಶಕ್ತಿಕೇಂದ್ರ’ ಎಂದು ಕರೆದು ಮುಂದೆ ಹೋಗುವುದು ರೂಢಿ. ಆ ಹೆಸರಿನಿಂದ ಅದು ಕೆಲಸ ಮಾಡುವ ರೀತಿ ಮಾತ್ರ ತಿಳಿಯುವುದಿಲ್ಲ. ಅಲ್ಲಿಯೂ ಎಲ್ಲ ನಿಂತಿರುವುದು ಗೋಡೆಯ ಮೇಲೆಯೇ. ಮೈಟೋಕಾಂಡ್ರಿಯಕ್ಕೆ ಎರಡು ಪೊರೆ; ಒಳಗಿನದು ಮಡಿಕೆ ಮಡಿಕೆಯಾಗಿರುತ್ತದೆ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಈ ಒಳಪೊರೆಯ ಪ್ರೋಟೀನುಗಳ ಮೂಲಕ ಆಮ್ಲಜನಕದತ್ತ ಸಾಗುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನುಗಳನ್ನು ಪೊರೆಯಾಚೆ ತಳ್ಳುತ್ತದೆ. ಆಚೆ ಪ್ರೋಟಾನ್ ಜಾಸ್ತಿ, ಈಚೆ ಕಡಿಮೆ. ಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ. ಅಂಕಿ ಚಿಕ್ಕದೆನಿಸಬಹುದು. ಆದರೆ 5 ನ್ಯಾನೋಮೀಟರಿನಷ್ಟು ತೆಳುವಾದ ಜಾಗದಲ್ಲಿ ಅದು ಮೀಟರಿಗೆ 3 ಕೋಟಿ ವೋಲ್ಟಿನ ಒತ್ತಡಕ್ಕೆ ಸಮ. ವಾಪಸ್ಸು ಬರಲು ಪ್ರೋಟಾನುಗಳಿಗೆ ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಪ್ರೋಟೀನು. ಅವು ಹಾದುಹೋಗುವಾಗ ಅದರ ಒಂದು ಭಾಗ ನಿಜವಾಗಿಯೂ ಗಿರ್ರನೆ ತಿರುಗುತ್ತದೆ, ಪ್ರತಿ ಸುತ್ತಿಗೆ ಮೂರು ಎಟಿಪಿ ಅಣುಗಳು ತಯಾರಾಗುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ತಿರುಗುವ ಭಾಗಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಒಂದು ದಿನದಲ್ಲಿ ನಮ್ಮ ಮೈಯಲ್ಲಿ ತಯಾರಾಗಿ ಖರ್ಚಾಗುವ ಎಟಿಪಿಯ ತೂಕ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟೇ ಆದೀತು. ಪೊರೆಯ ಎರಡು ಬದಿಗಳ ಈ ವ್ಯತ್ಯಾಸವೇ ಎಟಿಪಿ ತಯಾರಿಯ ಹಿಂದಿನ ಬಲ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅದೇ ವಿಚಾರಕ್ಕೆ ಅವರಿಗೆ ನೊಬೆಲ್ ಸಂದಿತು.

ಆ ಪೊರೆ ಪ್ರೋಟಾನುಗಳನ್ನು ಬೇಕೆಂದೇ ಸೋರಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಹಸುಗೂಸುಗಳ ಬೆನ್ನಿನ ಮೇಲ್ಭಾಗದಲ್ಲಿರುವ ಕಂದು ಕೊಬ್ಬಿನ ಕೋಶಗಳಲ್ಲಿ, ಪ್ರೋಟಾನುಗಳಿಗೆ ಅಡ್ಡದಾರಿ ಬಿಡುವ ಪ್ರೋಟೀನೊಂದು ಒಳಪೊರೆಯಲ್ಲಿದೆ. ಎಟಿಪಿ ಆಗಬೇಕಿದ್ದ ಶಕ್ತಿ ಬಿಸಿಯಾಗಿ ಹೊರಬಂದು ಮಗುವನ್ನು ಬೆಚ್ಚಗಿಡುತ್ತದೆ. ಅದೇ ಕಣದಂಗ, ಅದೇ ಇಂಧನ. ಪೊರೆಯ ಗುಣ ಬದಲಾದರೆ ಕೆಲಸವೇ ಬದಲು.

ಮೈಟೋಕಾಂಡ್ರಿಯಕ್ಕೆ ತನ್ನದೇ ಡಿಎನ್ಎ ಇರುವುದು ಗೊತ್ತಿರುವ ಸಂಗತಿ. ಮನುಷ್ಯರಲ್ಲಿ ಅದು 16,569 ಅಕ್ಷರಗಳ ಒಂದು ಉಂಗುರ, ಅದರಲ್ಲಿ 37 ಜೀನುಗಳು. ಅದು ನಮಗೆ ಬರುವುದು ತಾಯಿಯಿಂದ. ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯವೊಂದು ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆಯಾಯಿತು ಎಂಬ ವಾದವನ್ನು ಲಿನ್ ಮಾರ್ಗುಲಿಸ್ 1967ರಲ್ಲಿ ಬಲವಾಗಿ ಮಂಡಿಸಿದರು, ಇಂದು ಅದು ಸರ್ವಸಮ್ಮತ. ಕ್ಲೋರೋಪ್ಲಾಸ್ಟಿನದೂ ಇದೇ ಕಥೆ. ಅದರ ಮೂಲ ಸಯನೋಬ್ಯಾಕ್ಟೀರಿಯ. ಸಸ್ಯಕೋಶದ ರಸದಾನಿ ಕೋಶದ ಬಹುಪಾಲು ಜಾಗವನ್ನು ತಾನೇ ತುಂಬಿ, ನೀರಿನ ಒತ್ತಡದಿಂದ ಎಲೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಪೆರಾಕ್ಸಿಸೋಮ್ ಎಂಬ ಇನ್ನೊಂದು ಕಣದಂಗ, ಕೋಶಕ್ಕೆ ಹಾನಿ ಮಾಡಬಲ್ಲ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿದಲ್ಲೇ ಒಡೆದುಹಾಕುತ್ತದೆ.

ಪಠ್ಯದ ಚಿತ್ರ ಹೇಳದ ಇನ್ನೊಂದು ಸಂಗತಿ, ಇವು ಯಾವುವೂ ಒಂದೆಡೆ ನಿಂತಿರುವುದಿಲ್ಲ. ಜೀವಂತ ಕೋಶದಲ್ಲಿ ಮೈಟೋಕಾಂಡ್ರಿಯಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಮತ್ತೆ ಒಡೆಯುತ್ತವೆ, ಕೈನೆಸಿನ್ ಎಂಬ ಪ್ರೋಟೀನು 8 ನ್ಯಾನೋಮೀಟರಿನ ಹೆಜ್ಜೆ ಹಾಕುತ್ತ ಅವನ್ನು ಸೂಕ್ಷ್ಮನಾಳಿಕೆಗಳೆಂಬ, ಕೋಶದೊಳಗಿನ ಹಳಿಗಳಂಥ ಪ್ರೋಟೀನು ಕೊಳವೆಗಳ ಮೇಲೆ ಎಳೆದೊಯ್ಯುತ್ತದೆ. ಬೆನ್ನುಹುರಿಯಿಂದ ಪಾದದವರೆಗೆ ಚಾಚಿರುವ ಒಂದು ನರಕೋಶದಲ್ಲಿ ಈ ನಡಿಗೆ ಒಂದು ಮೀಟರಿನಷ್ಟು ದೂರದ್ದು.

ಗೋಡೆಗಳಿಲ್ಲದೆ ಬದುಕೇ ಇಲ್ಲ ಎಂದೇನೂ ಅಲ್ಲ. ಬ್ಯಾಕ್ಟೀರಿಯಗಳಿಗೆ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವಿಲ್ಲ; ಅವು ತಮ್ಮ ಹೊರಪೊರೆಯಲ್ಲೇ ಎಟಿಪಿ ತಯಾರಿಸಿಕೊಳ್ಳುತ್ತವೆ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೂ ಮೈಟೋಕಾಂಡ್ರಿಯಗಳನ್ನೂ ಕಳೆದುಕೊಂಡು ಸುಮಾರು 120 ದಿನ ಬದುಕುತ್ತದೆ. ಮೈಟೋಕಾಂಡ್ರಿಯ ಇಲ್ಲವಾದ್ದರಿಂದ ತಾನು ಹೊತ್ತ ಆಮ್ಲಜನಕವನ್ನು ತಾನೇ ಉರಿಸುವುದಿಲ್ಲ. ಆದರೆ ಹೊಸ ಪ್ರೋಟೀನು ಮಾಡಿಕೊಳ್ಳಲಾರದು, ಸವೆದದ್ದನ್ನು ದುರಸ್ತಿ ಮಾಡಲಾರದು, ವಿಭಜನೆಯಂತೂ ದೂರದ ಮಾತು.

ಕೊನೆಗೆ ಉಳಿಯುವುದು ವ್ಯಾಖ್ಯೆಯ ಅಂಚಿನ ಪ್ರಶ್ನೆ. ರೈಬೋಸೋಮಿಗೆ ಪೊರೆಯೇ ಇಲ್ಲ. ಅದನ್ನು ಕೆಲವರು ಕಣದಂಗ ಎನ್ನುತ್ತಾರೆ, ಕೆಲವರು ಎನ್ನುವುದಿಲ್ಲ. ಕೋಶಕೇಂದ್ರದೊಳಗೆ ಗಾಢವಾಗಿ ಕಾಣುವ ನ್ಯೂಕ್ಲಿಯೋಲಸ್‌ಗೂ ಪೊರೆಯಿಲ್ಲ. 2009ರಲ್ಲಿ ಒಂದು ಪುಟ್ಟ ದುಂಡುಹುಳುವಿನ ಭ್ರೂಣದ ಕೋಶಗಳನ್ನು ಗಮನಿಸುತ್ತಿದ್ದವರು, ಅಲ್ಲಿನ ಪೊರೆಯಿಲ್ಲದ ಕಣಿಕೆಗಳು ದ್ರವದ ಹನಿಗಳ ಹಾಗೆ ಕೂಡಿಕೊಳ್ಳುವುದನ್ನೂ ತೊಟ್ಟಿಕ್ಕುವುದನ್ನೂ ಕರಗುವುದನ್ನೂ ಕಂಡರು. ಕೆಲವು ಪ್ರೋಟೀನುಗಳೂ ಆರ್‌ಎನ್‌ಎಯೂ ಸುತ್ತಲಿನ ದ್ರವದಿಂದ ತಾವೇ ಬೇರ್ಪಟ್ಟು ಹನಿಗಟ್ಟುತ್ತವೆ. ನ್ಯೂಕ್ಲಿಯೋಲಸ್ ಕೂಡ ಬಹುಮಟ್ಟಿಗೆ ಹೀಗೇ ವರ್ತಿಸುತ್ತದೆ ಎಂದು ಆಮೇಲೆ ತಿಳಿಯಿತು. ಬೇಕಾದ ಅಣುಗಳನ್ನು ಒಂದೆಡೆ ಸೇರಿಸುವುದು, ಬೇಡವಾದವನ್ನು ದೂರ ಇಡುವುದು: ಗೋಡೆ ಮಾಡುವ ಕೆಲಸವನ್ನೇ ಈ ಹನಿಗಳು ಗೋಡೆಯಿಲ್ಲದೆ ಮಾಡುತ್ತವೆ. ಆದ್ದರಿಂದ ನ್ಯೂಕ್ಲಿಯೋಲಸನ್ನು ಕಣದಂಗ ಎನ್ನಲು ನನಗೆ ಅಡ್ಡಿಯಿಲ್ಲ. ರೈಬೋಸೋಮ್ ಮಾತ್ರ ಬೇರೆ. ತನ್ನೊಳಗೆ ಬೇರೊಂದು ವಾತಾವರಣವನ್ನು ಕಾಪಾಡಿಕೊಳ್ಳದ, ಪ್ರೋಟೀನು ಮತ್ತು ಆರ್‌ಎನ್‌ಎ ಸೇರಿ ಆದ ಅದನ್ನು ಅಣುಯಂತ್ರ ಎನ್ನುವುದೇ ಹೆಚ್ಚು ಸರಿ.