ಟೋಕಾಲಜಿ: ಹೆರುವವಳ ಕಡೆಯಿಂದ ಹುಟ್ಟಿದ ಪದ

ಹೆರಿಗೆ ನೋವು ಬರಿಸಲು ಆಸ್ಪತ್ರೆಯಲ್ಲಿ ಕೊಡುವುದು ಆಕ್ಸಿಟೋಸಿನ್. ದಿನ ತುಂಬುವ ಮೊದಲೇ ಕಾಣಿಸಿಕೊಂಡ ನೋವನ್ನು ತಡೆಯಲು ಕೊಡುವುದು ಟೋಕೊಲಿಟಿಕ್ ಔಷಧಿ. ಎರಡರ ಹೆಸರಿನಲ್ಲೂ ಗ್ರೀಕ್ ಭಾಷೆಯ ‘ಟೋಕೋಸ್’ ಅಡಗಿದೆ. ಹೆರಿಗೆ, ಸಂತಾನ ಎಂದು ಅದರ ಅರ್ಥ. ಸಾಲದ ಬಡ್ಡಿಗೂ ಗ್ರೀಕರು ಇದೇ ಪದ ಬಳಸುತ್ತಿದ್ದರು. ದುಡ್ಡು ಈದ ಮರಿ ಎಂಬ ಭಾವದಲ್ಲಿ.

ಟೋಕಾಲಜಿ ಎಂದರೆ ಪ್ರಸೂತಿ ಶಾಸ್ತ್ರ. ಇದೇ ವಿದ್ಯೆಗೆ ಇಂದು ಬಳಕೆಯಲ್ಲಿರುವ ಆಬ್‌ಸ್ಟೆಟ್ರಿಕ್ಸ್ ಎಂಬ ಹೆಸರು ಹುಟ್ಟಿದ್ದು ಸೂಲಗಿತ್ತಿಯನ್ನು ಸೂಚಿಸುವ ಲ್ಯಾಟಿನ್ ಪದದಿಂದ. ‘ಎದುರು ನಿಲ್ಲುವವಳು’ ಎಂದು ಅದರ ಮೂಲಾರ್ಥ. ಅದು ಹೆರಿಗೆ ಮಾಡಿಸುವವಳ ಕಡೆಯಿಂದ ಹುಟ್ಟಿದ ಮಾತು, ಟೋಕಾಲಜಿ ಹೆರುವವಳ ಕಡೆಯದು. ಕನ್ನಡದ ‘ಸೂಲು’ ಇಬ್ಬರನ್ನೂ ಒಟ್ಟಿಗೆ ಹಿಡಿದಿದೆ: ಸೂಲು ಹೆರಿಗೆ, ಸೂಲಗಿತ್ತಿ ಅದನ್ನು ಮಾಡಿಸುವವಳು.

ಪಂಡಿತರ ‘ಟೋಕಾಲಜಿ’ ಪದವನ್ನು ಮನೆಮನೆಗೆ ಮುಟ್ಟಿಸಿದವರು ಅಮೆರಿಕದ ವೈದ್ಯೆ ಆಲಿಸ್ ಬಂಕರ್ ಸ್ಟಾಕ್‌ಹ್ಯಾಮ್ (1833–1912). ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ ಓದಿ, ಷಿಕಾಗೋದಲ್ಲಿ ನೆಲೆಸಿದ್ದ ಅವರು 1883ರಲ್ಲಿ ‘ಟೋಕಾಲಜಿ’ ಎಂಬ ಹೆಸರಿನಲ್ಲೇ ಪುಸ್ತಕ ಹೊರತಂದರು. ಹೆರಿಗೆಯ ಯಾತನೆ ಹೆಣ್ಣಿನ ಹಣೆಬರಹವಲ್ಲ ಎಂಬುದು ಅವರ ವಾದ. ಸೊಂಟ ಬಿಗಿಯುವ ಕಾರ್ಸೆಟ್ ಬಿಡಿ, ನಡೆದಾಡಿ, ತೊಟ್ಟಿಯ ನೀರಿನಲ್ಲಿ ಕುಳಿತು ಸ್ನಾನ ಮಾಡಿ ಎಂದರು. ಹಣ್ಣುಗಳನ್ನೇ ಹೆಚ್ಚಾಗಿ ತಿಂದರೆ ಮಗುವಿನ ಎಲುಬು ಮೆದುವಾಗಿದ್ದು ಹೆರಿಗೆ ಹಗುರಾಗುತ್ತದೆ ಎಂದೂ ಬರೆದರು. ಈ ಮಾತು ತಪ್ಪು. ಮಗುವಿನ ಎಲುಬಿಗಾಗಿ ಬಸುರಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇಕೇ ಬೇಕು.

ನನ್ನ ಮಟ್ಟಿಗೆ ಪುಸ್ತಕದ ಜೀವಾಳ ಇರುವುದು ಈ ಆಹಾರ ಪಥ್ಯದಲ್ಲಲ್ಲ, ದಾಂಪತ್ಯದ ಬಗ್ಗೆ ಅವರು ಬರೆದ ಪುಟಗಳಲ್ಲಿ. ಯಾವಾಗ ತಾಯಿಯಾಗಬೇಕೆಂದು ತೀರ್ಮಾನಿಸಬೇಕಾದವಳು ಹೆಂಡತಿ, ಅವಳ ಮನಸ್ಸಿಲ್ಲದಾಗ ಗಂಡ ಸಂಯಮದಿಂದಿರಬೇಕು ಎಂದು ಒಬ್ಬ ವೈದ್ಯೆ ಆ ಕಾಲದಲ್ಲಿ ಅಚ್ಚು ಹಾಕಿಸಿದ್ದು ಸಣ್ಣ ಧೈರ್ಯವಲ್ಲ. ಬರಹಗಾರ ಟಾಲ್‌ಸ್ಟಾಯ್ ಇದನ್ನು ಮೆಚ್ಚಿ ರಷ್ಯನ್ ಅನುವಾದಕ್ಕೆ ಮುನ್ನುಡಿ ಬರೆದರು. 1896ರಲ್ಲಿ ಸ್ಟಾಕ್‌ಹ್ಯಾಮ್ ಇದೇ ವಿಚಾರವನ್ನು ಬೆಳೆಸಿ, ಮೈದಡವುವಿಕೆ ಎಂಬ ಅರ್ಥದ ಇಟಾಲಿಯನ್ ಪದದಿಂದ ಆ ಸಂಯಮದ ದಾಂಪತ್ಯಕ್ಕೆ ‘ಕರೆಟ್ಸಾ’ ಎಂಬ ಹೆಸರು ಕಟ್ಟಿದರು.

ಅಂಚೆಯಲ್ಲಿ ‘ಅಶ್ಲೀಲ’ ಬರಹ ಕಳಿಸುವುದನ್ನು ನಿಷೇಧಿಸಿದ 1873ರ ಕಾಮ್‌ಸ್ಟಾಕ್ ಕಾಯಿದೆ ಕೊನೆಗೆ ಅವರನ್ನೂ ಬಿಡಲಿಲ್ಲ. ಮದುವೆಯ ಮೊದಲ ರಾತ್ರಿಯ ಬಗ್ಗೆ ತಿಳಿವಳಿಕೆ ಹೇಳುವ ಕಿರುಹೊತ್ತಿಗೆಗಾಗಿ 1905ರಲ್ಲಿ ನ್ಯಾಯಾಲಯ ಅವರಿಗೆ ದಂಡ ಹಾಕಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು.