ಪದ ಪರಿಚಯ: ಸ್ಟಾಲ್ – ಸರ್ಜರಿ ಆದಮೇಲೆ ತೂಕ ಇಳಿಯದೆ ನಿಂತಾಗ

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡವರ ಮಾತಿನಲ್ಲಿ ‘ಸ್ಟಾಲ್’ ಅನ್ನುವ ಪದ ಮತ್ತೆ ಮತ್ತೆ ಕೇಳಿಬರುತ್ತದೆ. ‘ನಂಗೆ ಸ್ಟಾಲ್ ಶುರುವಾಗಿದೆ’, ‘ಎರಡು ವಾರ ಆಯ್ತು, ಸ್ಟಾಲ್ ಬಿಡ್ತಾನೇ ಇಲ್ಲ’ ಅಂತ. ಚೆನ್ನಾಗಿ ಇಳಿಯುತ್ತಿದ್ದ ತೂಕ ಒಂದು ಅಂಕಿಗೆ ಬಂದು ನಿಂತು, ಕೆಲವು ದಿನವೋ ಕೆಲವು ವಾರವೋ ಅಲ್ಲಾಡದೆ ಇರುವುದಕ್ಕೆ ಈ ಹೆಸರು. ಊಟ ಅಷ್ಟೇ ಇದೆ, ಓಡಾಟವೂ ಅಷ್ಟೇ ಇದೆ, ಡಾಕ್ಟರ್ ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿಲ್ಲ. ಆದರೂ ತೂಕದ ಮಷಿನ್ ಮೇಲೆ ನಿಂತರೆ ಮೊನ್ನೆಯದ್ದೇ ಅಂಕಿ.

ಸ್ಲೀವ್ (ಜಠರದ ದೊಡ್ಡ ಪಾಲನ್ನು ಕತ್ತರಿಸಿ ತೆಗೆಯುವ ಸರ್ಜರಿ) ಮಾಡಿಸಿಕೊಂಡವರಿಗೂ ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಚಿಕ್ಕದು ಮಾಡಿ ಊಟವನ್ನು ಸಣ್ಣ ಕರುಳಿಗೆ ತಿರುಗಿಸುವ ಸರ್ಜರಿ) ಮಾಡಿಸಿಕೊಂಡವರಿಗೂ ಇದು ಬರುತ್ತದೆ. ಒಂದು ಸಲವೂ ಸ್ಟಾಲ್ ಆಗದೆ ಗುರಿ ಮುಟ್ಟಿದವರು ಅಪರೂಪ. ಆದರೆ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಈ ವಿಷಯವನ್ನು ಒತ್ತಿ ಹೇಳುವವರು ಕಡಿಮೆ. ಹಾಗಾಗಿ ಮೊದಲ ಸಲ ತೂಕ ನಿಂತಾಗ ಎದೆ ಧಸಕ್ಕೆನ್ನುತ್ತದೆ. ಇಷ್ಟು ದೊಡ್ಡ ಆಪರೇಷನ್ ಮಾಡಿಸಿಯೂ ನನ್ನ ಮೈಗೆ ಮಾತ್ರ ಹತ್ತಲಿಲ್ಲವಾ, ನಾನೇ ಏನೋ ತಪ್ಪು ಮಾಡಿದೆನಾ ಅನ್ನುವ ಯೋಚನೆ ಶುರುವಾಗುತ್ತದೆ. ಸ್ಟಾಲ್‌ನಿಂದ ಆಗುವ ಹಾನಿ ಹೆಚ್ಚೇನಿಲ್ಲ. ಅದಕ್ಕೆ ಹೆದರಿ ಮಾಡಿಕೊಳ್ಳುವ ಕೆಲಸಗಳಿಂದ ಆಗುವ ಹಾನಿಯೇ ಜಾಸ್ತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೇ ವಾರದ ಲೆಕ್ಕ

ಮೊದಲ ಸ್ಟಾಲ್ ಸಾಮಾನ್ಯವಾಗಿ ಸರ್ಜರಿ ಆದ ಎರಡರಿಂದ ನಾಲ್ಕು ವಾರದೊಳಗೆ ಬರುತ್ತದೆ. ಅದಕ್ಕೇ ‘ಮೂರನೇ ವಾರದ ಸ್ಟಾಲ್’ ಅನ್ನುವ ಮಾತು ಬಳಕೆಗೆ ಬಂದಿದೆ. ಇದಕ್ಕೆ ಮುಖ್ಯ ಕಾರಣ ಕೊಬ್ಬಲ್ಲ, ನೀರು.

ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಎರಡೂ ಸೇರಿದರೆ ಎರಡು ಕೆಜಿ ಹತ್ತಿರ. ಸರ್ಜರಿ ಆದ ಹೊಸದರಲ್ಲಿ ಹೊಟ್ಟೆಗೆ ಹೋಗುವುದು ಬರೀ ಗುಟುಕು ಗುಟುಕು ದ್ರವ. ದೇಹ ಈ ಉಗ್ರಾಣವನ್ನು ಖಾಲಿ ಮಾಡಿಕೊಳ್ಳುತ್ತದೆ, ನೀರೂ ಹೊರಟುಹೋಗುತ್ತದೆ. ಆಸ್ಪತ್ರೆಯಲ್ಲಿ ಏರಿಸಿದ ಡ್ರಿಪ್‌ನ ನೀರೂ ಅದೇ ದಿನಗಳಲ್ಲಿ ಇಳಿಯುತ್ತದೆ. ಮೊದಲ ವಾರಗಳಲ್ಲಿ ತೂಕ ಸರಸರ ಇಳಿಯುವುದರಲ್ಲಿ ಇವುಗಳ ಪಾಲು ದೊಡ್ಡದು.

ಆಮೇಲೆ ಮೆತ್ತಗಿನ ಊಟ ಶುರುವಾಗುತ್ತದೆ. ಉಗ್ರಾಣ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳುತ್ತದೆ, ಜೊತೆಗೆ ನೀರೂ ವಾಪಸ್ ಬರುತ್ತದೆ. ಒಬ್ಬರು ದಿನಕ್ಕೆ ತಿನ್ನುವುದಕ್ಕಿಂತ 1000 ಕ್ಯಾಲೊರಿ ಜಾಸ್ತಿ ಖರ್ಚು ಮಾಡುತ್ತಿದ್ದಾರೆ ಅಂದುಕೊಳ್ಳಿ. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಅಂದರೆ ವಾರಕ್ಕೆ ಮುಕ್ಕಾಲು ಕೆಜಿಗಿಂತ ಜಾಸ್ತಿ ಕೊಬ್ಬು ಕರಗುತ್ತಿದೆ. ಅದೇ ವಾರ ಒಂದು ಕೆಜಿ ನೀರು ಸೇರಿಕೊಂಡಿತು. ಮಷಿನ್ ಏನು ತೋರಿಸುತ್ತದೆ? ಹೋದ ವಾರದ್ದೇ ಅಂಕಿ, ಅಥವಾ ಒಂದಿಷ್ಟು ಗ್ರಾಂ ಏರಿಕೆ. ಕೊಬ್ಬು ಕರಗಿದ್ದು ನಿಜ, ಆದರೆ ಮಷಿನ್‌ಗೆ ಕೊಬ್ಬೂ ನೀರೂ ಒಂದೇ.

ಮುಟ್ಟಿನ ಮುಂಚಿನ ದಿನಗಳು, ಮಲಬದ್ಧತೆ, ಉಪ್ಪು ಜಾಸ್ತಿಯಾದ ಊಟ, ಹೊಸದಾಗಿ ಶುರುಮಾಡಿದ ವ್ಯಾಯಾಮದ ಮೈನೋವು, ಇವೂ ಹೀಗೆಯೇ ತೂಕವನ್ನು ಮೇಲೆ ಕೆಳಗೆ ಆಡಿಸುತ್ತವೆ. ಸರ್ಜರಿ ಆದಮೇಲೆ ಮಲಬದ್ಧತೆಯಂತೂ ತುಂಬಾ ಜನರಿಗೆ ಕಾಡುತ್ತದೆ.

ತಿಂಗಳುಗಳು ಕಳೆದಮೇಲೆ ಬರುವ ನಿಧಾನ

ಮೂರನೇ ವಾರದ ಸ್ಟಾಲ್ ಬೇರೆ, ಆರು ಏಳು ತಿಂಗಳಾದ ಮೇಲೆ ಇಳಿಕೆಯ ವೇಗವೇ ತಗ್ಗುವುದು ಬೇರೆ. ಇದಕ್ಕೆ ಕಾರಣ ನೀರಲ್ಲ, ದೇಹದ ಖರ್ಚು ಕಡಿಮೆಯಾಗಿರುವುದು. 120 ಕೆಜಿ ಮೈ ಹೊತ್ತು ಮೆಟ್ಟಿಲು ಹತ್ತಲು ಬೇಕಾಗುವ ಶಕ್ತಿ 90 ಕೆಜಿಯ ಮೈಗೆ ಬೇಕಿಲ್ಲ. ಅದರ ಮೇಲೆ, ತೂಕ ಕಳೆದುಕೊಂಡ ದೇಹ ಇನ್ನೂ ಒಂದಿಷ್ಟು ಬಿಗಿಹಿಡಿದು ಖರ್ಚು ಮಾಡುತ್ತದೆ.

ಇದು ಹಳೆಯ ತಿಳಿವಳಿಕೆಯೇ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಜೊತೆಗಾರರು 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರು ತಮ್ಮ ತೂಕದ ಕಾಲು ಭಾಗದಷ್ಟು ಕಳೆದುಕೊಂಡರು. ಆದರೆ ದೇಹದ ಶಕ್ತಿಯ ಬಳಕೆ ತೂಕಕ್ಕೆ ತಕ್ಕಂತೆ ಇಳಿಯಬೇಕಾದದ್ದಕ್ಕಿಂತ ಜಾಸ್ತಿಯೇ ಇಳಿಯಿತು. ಮೈಯಲ್ಲಿ ನೀರು ತುಂಬಿ ಕಾಲು ಊದಿಕೊಂಡದ್ದೂ ದಾಖಲಾಗಿದೆ. ಆ ಹುಡುಗರಿಗೆ ಮನೋಬಲ ಕಡಿಮೆ ಇತ್ತು ಅಂತ ಯಾರಾದರೂ ಹೇಳಲಾದೀತೇ? ಹೊಟ್ಟೆಗೆ ಕಡಿಮೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಮೈ ಮಾಡುವ ಕೆಲಸ ಇದು.

ಸರ್ಜರಿ ಇದರ ವಿರುದ್ಧ ಒಂದು ಬೆಂಬಲ ಕೊಡುತ್ತದೆ. ಸ್ಲೀವ್‌ನಲ್ಲಿ ಜಠರದ ಶೇ. 75ರಿಂದ 80 ಭಾಗ ತೆಗೆಯುತ್ತಾರೆ. ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನ್ ಮುಖ್ಯವಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲೇ, ಅದೂ ತೆಗೆದ ಭಾಗದಲ್ಲಿ ಸೇರಿರುತ್ತದೆ. ಬೈಪಾಸ್‌ನಲ್ಲಿ ಊಟ ಸಣ್ಣ ಕರುಳಿಗೆ ಬೇಗ ತಲುಪುವುದರಿಂದ ‘ಹೊಟ್ಟೆ ತುಂಬಿತು’ ಅಂತ ಮೆದುಳಿಗೆ ತಿಳಿಸುವ ಹಾರ್ಮೋನ್‌ಗಳು ಏರುತ್ತವೆ. ಮಷಿನ್ ಮೇಲಿನ ಅಂಕಿ ನಿಂತ ವಾರದಲ್ಲೂ ಇವು ಕೆಲಸ ಮಾಡುತ್ತಲೇ ಇರುತ್ತವೆ.

ಇಲ್ಲಿ ಇನ್ನೂ ಕೆಲವು ಪದಗಳು ಸ್ಟಾಲ್ ಜೊತೆ ಕಲಸಿಹೋಗುತ್ತವೆ. ಇಳಿಕೆ ತಿಂಗಳುಗಟ್ಟಲೆ ನಿಂತು ತೂಕ ಒಂದು ಮಟ್ಟದಲ್ಲಿ ನೆಲೆಯಾದರೆ ಅದು ‘ಪ್ಲಾಟೋ’. ಹೆಚ್ಚಿನವರಿಗೆ ಸರ್ಜರಿ ಆದ ಒಂದರಿಂದ ಎರಡು ವರ್ಷದೊಳಗೆ ಇದು ಬರುತ್ತದೆ, ಅಲ್ಲಿಗೆ ಇಳಿಯುವ ಹಂತ ಬಹುಪಾಲು ಮುಗಿದಂತೆ. ಇಳಿಕೆ ನಿಂತಿಲ್ಲ, ಆದರೆ ಬೇರೆಯವರಿಗಿಂತ ನಿಧಾನ ಅನ್ನುವವರು ತಮ್ಮನ್ನು ‘ಸ್ಲೋ ಲೂಸರ್’ ಅಂತ ಕರೆದುಕೊಳ್ಳುತ್ತಾರೆ. ಇಳಿದ ತೂಕ ಮತ್ತೆ ಏರತೊಡಗಿದರೆ ಅದು ‘ರೀಗೇನ್’. ತುಂಬಾ ಜನ ಹತ್ತು ದಿನದ ಸ್ಟಾಲ್‌ಗೆ ರೀಗೇನ್‌ಗೆ ಪಡಬೇಕಾದಷ್ಟು ಚಿಂತೆ ಪಡುತ್ತಾರೆ.

ಯಾರಿಗೆ ಹೋಲಿಸಿಕೊಂಡು ನಿಧಾನ?

ಒಂದೇ ವಾರ ಸರ್ಜರಿ ಆದ ಇಬ್ಬರು ಮಾತಾಡಿಕೊಳ್ಳುತ್ತಾರೆ. ಒಬ್ಬರು 32 ಕೆಜಿ ಇಳಿದಿದ್ದಾರೆ, ಇನ್ನೊಬ್ಬರು 21 ಕೆಜಿ. ಎರಡನೆಯವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಮೊದಲನೆಯವರು ಶುರುಮಾಡಿದ್ದು 160 ಕೆಜಿಯಿಂದ, ಎರಡನೆಯವರು 105ರಿಂದ. ಇಬ್ಬರೂ ಇಳಿಸಿರುವುದು ಸರಿಯಾಗಿ ಶೇ. 20. ಕೆಜಿ ಲೆಕ್ಕ ಹೇಗೆ ಮೋಸ ಮಾಡುತ್ತದೆ ನೋಡಿ.

ಶೇಕಡಾವಾರು ಹೇಳುವುದರಲ್ಲೂ ಎರಡು ದಾರಿ ಇವೆ. ಒಟ್ಟು ತೂಕದಲ್ಲಿ ಎಷ್ಟು ಪಾಲು ಇಳಿಯಿತು ಅನ್ನುವುದು ಒಂದು. ಹೆಚ್ಚುವರಿ ತೂಕದಲ್ಲಿ ಎಷ್ಟು ಪಾಲು ಹೋಯಿತು ಅನ್ನುವುದು ಇನ್ನೊಂದು, ಇದಕ್ಕೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ) 25ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. 160 ಸೆಂ.ಮೀ. ಎತ್ತರದವರಿಗೆ ಆ ಗಡಿ 64 ಕೆಜಿ. ಅವರ ತೂಕ 112 ಕೆಜಿ ಇದ್ದರೆ ಹೆಚ್ಚುವರಿ 48 ಕೆಜಿ. ಅವರು 24 ಕೆಜಿ ಇಳಿಸಿದರೆ ಹೆಚ್ಚುವರಿ ತೂಕದ ಲೆಕ್ಕದಲ್ಲಿ ಶೇ. 50, ಒಟ್ಟು ತೂಕದ ಲೆಕ್ಕದಲ್ಲಿ ಶೇ. 21ರ ಆಸುಪಾಸು. ‘ನಂದು ಐವತ್ತು ಪರ್ಸೆಂಟ್ ಆಯ್ತು’ ಅಂತ ಯಾರಾದರೂ ಹೇಳಿದಾಗ ಯಾವ ಲೆಕ್ಕ ಅಂತ ಕೇಳದೆ ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಸರ್ಜರಿ ಆದವರಲ್ಲೂ ವ್ಯತ್ಯಾಸ ದೊಡ್ಡದು. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ 2006ರಿಂದ 2009ರ ನಡುವೆ ಸರ್ಜರಿ ಆದವರನ್ನು ಹಿಂಬಾಲಿಸಿದ ‘ಲ್ಯಾಬ್ಸ್’ ಅಧ್ಯಯನದ ವರದಿ 2013ರಲ್ಲಿ ಬಂತು. ಬೈಪಾಸ್ ಆದವರಲ್ಲಿ ಮೂರು ವರ್ಷಕ್ಕೆ ನಡುವಿನ ಅಂಕಿ ಶೇ. 31.5 ಇಳಿಕೆ. ಆದರೆ ಅತಿ ಹೆಚ್ಚು, ಅತಿ ಕಡಿಮೆ ಇಳಿದ ಕಾಲು ಕಾಲು ಭಾಗದವರನ್ನು ಬಿಟ್ಟು ನಡುವಿನ ಅರ್ಧದಷ್ಟು ಜನರೇ ಶೇ. 24.6ರಿಂದ 38.4ರವರೆಗೆ ಹರಡಿಕೊಂಡಿದ್ದರು. 130 ಕೆಜಿಯಿಂದ ಶುರುಮಾಡಿದವರಿಗೆ ಹಾಕಿ ನೋಡಿದರೆ 32 ಕೆಜಿಯಿಂದ 50 ಕೆಜಿ. ಈ ಎರಡೂ ಸಾಧಾರಣ ಫಲಿತಾಂಶಗಳೇ.

ವಯಸ್ಸು, ವಂಶವಾಹಿ, ಸ್ನಾಯುವಿನ ಪ್ರಮಾಣ, ಯಾವ ಸರ್ಜರಿ ಅನ್ನುವುದು, ಎಲ್ಲ ಇದರಲ್ಲಿ ಸೇರಿವೆ. ಡಯಾಬಿಟಿಸ್ ಇರುವವರಲ್ಲಿ ಇಳಿಕೆ ಸ್ವಲ್ಪ ಕಡಿಮೆ ಇರುವುದುಂಟು. ಮಾತ್ರೆಗಳನ್ನು ಮರೆಯಬೇಡಿ. ಇನ್ಸುಲಿನ್, ಸ್ಟಿರಾಯ್ಡ್, ಕೆಲವು ಖಿನ್ನತೆಯ ಮಾತ್ರೆಗಳು, ಓಲಾಂಜಪಿನ್‌ನಂಥ ಮಾನಸಿಕ ಕಾಯಿಲೆಯ ಔಷಧಿ, ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೋಯೇಟ್, ನರನೋವಿಗೆ ಕೊಡುವ ಪ್ರಿಗಾಬಲಿನ್, ಇವು ತೂಕ ಹಿಡಿದಿಡಬಲ್ಲವು. ಹಾಗಂತ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರ್ ಹತ್ತಿರ ಪಟ್ಟಿ ಹಿಡಿದು ಹೋಗಿ, ಬದಲಿ ಇದೆಯಾ ಕೇಳಿ.

ಸ್ಟಾಲ್ ಬಂದಾಗ

ಮೊದಲು, ಊಟ ಇನ್ನೂ ಕಡಿಮೆ ಮಾಡಬೇಡಿ. ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ, ನನಗೆ ಅತಿ ಹೆಚ್ಚು ಆತಂಕ ಆಗುವುದೂ ಇದಕ್ಕೇ. ಈಗಾಗಲೇ ಅಷ್ಟೇ ಅಷ್ಟು ತಿನ್ನುತ್ತಿರುವ ದೇಹಕ್ಕೆ ಇನ್ನೂ ಕಡಿತ ಮಾಡಿದರೆ ಸ್ನಾಯು ಕರಗುತ್ತದೆ. ಸ್ನಾಯು ಹೋದರೆ ದಿನದ ಖರ್ಚು ಇನ್ನೂ ಇಳಿಯುತ್ತದೆ. ಕೂದಲು ಉದುರುವುದು, ತಲೆಸುತ್ತು, ಸುಸ್ತು ಜೊತೆಗೆ ಬರಬಹುದು.

ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಡಯಟಿಷಿಯನ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ತಟ್ಟೆಯಲ್ಲಿ ಮೊದಲ ತುತ್ತು ಪ್ರೊಟೀನ್‌ದೇ ಇರಲಿ, ಏಕೆಂದರೆ ನಾಲ್ಕೈದು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತದೆ. ಊಟದ ಜೊತೆ ನೀರು ಬೇಡ, ಮುಗಿಸಿ ಅರ್ಧ ಗಂಟೆ ಬಿಡಿ. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಡಾಕ್ಟರ್ ಒಪ್ಪಿಗೆ ಕೊಟ್ಟಮೇಲೆ ನಡಿಗೆಯ ಜೊತೆ ಸ್ವಲ್ಪ ಭಾರ ಎತ್ತುವ ವ್ಯಾಯಾಮ ಸೇರಿಸಿ. ಅದು ಬೇಕಿರುವುದು ಕ್ಯಾಲೊರಿ ಸುಡುವುದಕ್ಕಿಂತ ಸ್ನಾಯು ಉಳಿಸಿಕೊಳ್ಳಲು.

ಸ್ಟಾಲ್ ವಾರಗಟ್ಟಲೆ ಮುಂದುವರಿದರೆ ಮೂರು ನಾಲ್ಕು ದಿನ ಬಾಯಿಗೆ ಹೋಗಿದ್ದನ್ನೆಲ್ಲ ಸುಮ್ನೆ ಬರೆದಿಡಿ. ಶಿಕ್ಷೆಗಲ್ಲ, ತಿಳಿದುಕೊಳ್ಳುವುದಕ್ಕೆ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್, ಸಿಹಿ ಪಾನೀಯ ಇಂಥವು ಸಣ್ಣ ಹೊಟ್ಟೆಯಲ್ಲೂ ನಿಲ್ಲದೆ ಜಾರಿಹೋಗುತ್ತವೆ, ಹೊಟ್ಟೆ ತುಂಬಿದ ಹಾಗೆ ಅನ್ನಿಸುವುದೇ ಇಲ್ಲ. ಇವಕ್ಕೆ ‘ಸ್ಲೈಡರ್ ಫುಡ್’ ಅನ್ನುತ್ತಾರೆ. ಮಧ್ಯೆ ಮಧ್ಯೆ ಬಾಯಾಡಿಸುವ ಅಭ್ಯಾಸವೂ ಬರೆದಾಗಲೇ ಕಣ್ಣಿಗೆ ಬೀಳುವುದು.

ದಿನಾ ತೂಕ ನೋಡಿ ಮನಸ್ಸು ಕೆಡುವವರು ವಾರಕ್ಕೊಂದು ಸಲ ನೋಡಿದರೆ ಸಾಕು. ಅದೇ ವಾರದ ದಿನ, ಬೆಳಿಗ್ಗೆ, ಟಾಯ್ಲೆಟ್‌ಗೆ ಹೋಗಿಬಂದ ಮೇಲೆ, ಅದೇ ಥರದ ಬಟ್ಟೆಯಲ್ಲಿ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ, ತೊಡೆ, ತೋಳಿನ ಅಳತೆ ಬರೆದಿಡಿ. ತೂಕ 96.4ರಲ್ಲೇ ನಿಂತಿದ್ದಾಗ ಸೊಂಟ ಎರಡು ಸೆಂ.ಮೀ. ಇಳಿದಿರುವುದು ಅಪರೂಪವೇನಲ್ಲ. ಶುಗರ್, ಬಿಪಿ, ಮಂಡಿನೋವು, ರಾತ್ರಿಯ ಉಸಿರಾಟ, ಇವೂ ಫಲಿತಾಂಶಗಳೇ ಅಲ್ವಾ? ಎಷ್ಟೋ ಜನರಿಗೆ ತೂಕ ಇನ್ನೂ ಹೆಚ್ಚು ಇಳಿಯುವ ಮುಂಚೆಯೇ ಶುಗರ್ ಹತೋಟಿಗೆ ಬಂದಿರುತ್ತದೆ.

ಮನೆಯವರಿಗೊಂದು ಮಾತು. ‘ಇನ್ನೂ ಎಷ್ಟು ಇಳೀಬೇಕು?’, ‘ಅವರಿಗೆ ಆಗಲೇ ಅಷ್ಟಾಯ್ತಂತೆ’ ಅಂತ ಕೇಳುವುದನ್ನು ದಯವಿಟ್ಟು ಬಿಡಿ. ಸರ್ಜರಿ ಮಾಡಿಸಿಕೊಂಡವರು ಆ ಲೆಕ್ಕವನ್ನು ತಮ್ಮೊಳಗೇ ದಿನಕ್ಕೆ ಹತ್ತು ಸಲ ಹಾಕಿಕೊಂಡಿರುತ್ತಾರೆ.

ಕಾಯಬಾರದ ಸಂದರ್ಭಗಳೂ ಇವೆ. ವಾಂತಿ ನಿಲ್ಲದಿದ್ದರೆ, ನೀರೂ ಒಳಗೆ ಇಳಿಯದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿ ಮುಂದುವರಿದರೆ ಥಯಾಮಿನ್ ಎಂಬ ವಿಟಮಿನ್ ಕೊರತೆಯಾಗಿ ನರಗಳಿಗೆ, ಮೆದುಳಿಗೆ ಪೆಟ್ಟಾಗಬಹುದು. ಕಾಲು ಊದಿ ತೂಕ ಏರುತ್ತಿದ್ದರೆ, ಮೊದಲಿನಂಥ ಹಸಿವು ಮರಳಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಫೋನ್ ಮಾಡಿ. ಒಂದು ವರ್ಷದ ಹೊತ್ತಿಗೆ ಒಟ್ಟು ತೂಕದಲ್ಲಿ ಶೇ. 20 ಕೂಡ ಇಳಿದಿಲ್ಲ ಅಂದರೆ ಅದನ್ನು ತಂಡದ ಜೊತೆ ಬಿಚ್ಚಿ ಮಾತಾಡಲೇಬೇಕು. ಥೈರಾಯ್ಡ್ ಪರೀಕ್ಷೆ, ಮಾತ್ರೆಗಳ ಬದಲಾವಣೆ, ಹಸಿವು ತಗ್ಗಿಸುವ ಲಿರಾಗ್ಲುಟೈಡ್ ಅಥವಾ ಸೆಮಾಗ್ಲುಟೈಡ್‌ನಂಥ ಔಷಧಿ, ಕೆಲವರಿಗೆ ಎರಡನೇ ಸರ್ಜರಿ, ಹೀಗೆ ದಾರಿಗಳಿವೆ. ಈ ಭೇಟಿಗೆ ಹೋಗಲು ನಾಚಿಕೊಂಡು ಫಾಲೋಅಪ್ ತಪ್ಪಿಸುವವರು ತುಂಬಾ ಜನ. ತೂಕ ಇಳಿಯದ ತಿಂಗಳಲ್ಲೇ ಆ ಭೇಟಿ ಹೆಚ್ಚು ಬೇಕಾಗುವುದು. ತೂಕದ ಪಟ್ಟಿ, ಅಳತೆಯ ಪಟ್ಟಿ, ಮಾತ್ರೆಗಳ ಪಟ್ಟಿ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ.